ನಮ್ಮ ಕಾಗದಗಳಿಗೆಲ್ಲ ಗಡುವಿದೆ, ನಿಮ್ಮ ಉತ್ತರಕ್ಕೂ ಒಂದು ತಾರೀಖು ಇರಲಿ

ಕೆಲಸದ ವೀಸಾ ಅರ್ಜಿಗಳ ಮೇಲೆ ತೀರ್ಮಾನ ಕೊಡುವ ಅಧಿಕಾರಿಗಳಿಗೆ, ಅವರಿಗೆ ನಿಯಮ ಮಾಡಿಕೊಡುವ ಸರ್ಕಾರಗಳಿಗೆ,

ನಮಸ್ಕಾರ.

ಅರ್ಜಿ ನಿಮ್ಮ ಕೈಯಲ್ಲಿರುವಾಗ ಯಾರೂ ನಿಮಗೆ ಇಂಥ ಪತ್ರ ಬರೆಯುವುದಿಲ್ಲ. ಬರೆದರೆ ಎಲ್ಲಿ ಫೈಲು ಮೂಲೆಗೆ ಬೀಳುತ್ತದೋ ಎಂಬ ಭಯ. ಆ ಭಯಕ್ಕೆ ಆಧಾರ ಇದೆಯೋ ಇಲ್ಲವೋ ನಿಮಗೇ ಗೊತ್ತು. ಆದರೆ ಕಾಯುತ್ತಿರುವ ಎಲ್ಲರ ಹೊಟ್ಟೆಯಲ್ಲೂ ಅದು ಇರುತ್ತದೆ. ವಿಚಾರಿಸಿ ಒಂದು ಇಮೇಲ್ ಹಾಕಲೂ ಹತ್ತು ಸಲ ಯೋಚಿಸುತ್ತಾರೆ. ನನ್ನ ವೀಸಾ ಬಂದಾಗಿದೆ, ಕೆಲಸಕ್ಕೂ ಸೇರಿ ಆಗಿದೆ. ಇನ್ನು ನಾನು ಬಾಯಿಬಿಟ್ಟು ಹೇಳಬಹುದು. ನನ್ನ ಹಾಗೆ ಕಾದವರು, ಈಗಲೂ ಕಾಯುತ್ತಿರುವವರು ಬಹಳ ಜನ ಇದ್ದಾರೆ. ಅವರು ಹೇಳಲಾಗದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾರನ್ನು ಬಿಡಬಾರದು ಅನ್ನುವುದು ನಿಮ್ಮ ನಿಮ್ಮ ದೇಶದ ಹಕ್ಕು. ಅದರ ಬಗ್ಗೆ ನನ್ನ ತಕರಾರಿಲ್ಲ. ನಕಲಿ ಪದವಿಗಳಿವೆ, ಹೆಸರಿಗಷ್ಟೇ ಇರುವ ಕಂಪನಿಗಳಿವೆ, ಸುಳ್ಳು ಅನುಭವ ಪತ್ರ ಬರೆದುಕೊಡುವವರಿದ್ದಾರೆ. ಅವರನ್ನು ಹಿಡಿಯಬೇಕು. ಅವರಿಂದ ನಿಜವಾದ ಅರ್ಜಿದಾರರಿಗೇ ತೊಂದರೆ ಜಾಸ್ತಿ. ಹಾಗಾಗಿ ತಪಾಸಣೆ ಸಡಿಲ ಮಾಡಿ ಅಂತ ನಾನು ಕೇಳುತ್ತಿಲ್ಲ. ವೀಸಾ ಕೊಡಿ ಅಂತಲೂ ಕೇಳುತ್ತಿಲ್ಲ. ಕೊಡುತ್ತೀರೋ ಇಲ್ಲವೋ ಅನ್ನುವುದನ್ನು ಯಾವತ್ತಿನೊಳಗೆ ಹೇಳುತ್ತೀರಿ ಎಂದು ಮೊದಲೇ ಹೇಳಿ, ಆ ಮಾತಿಗೆ ನಿಲ್ಲಿ. ಈ ಪತ್ರದ ಬೇಡಿಕೆ ಅಷ್ಟೇ.

ಇದು ಯಾಕೆ ದೊಡ್ಡ ವಿಷಯ ಅನ್ನುವುದು ಒಂದು ಫೈಲು ತೆರೆದು ನೋಡಿದರೆ ಗೊತ್ತಾಗುತ್ತದೆ. ಅದರಲ್ಲಿರುವ ಹೆಚ್ಚಿನ ಕಾಗದಗಳ ಮೇಲೂ ಒಂದು ಗಡುವು ಇರುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ 2 ವರ್ಷಕ್ಕೆ ಮುಗಿಯುತ್ತದೆ. ಬ್ರಿಟನ್‌ಗೆ ಹೋಗುವವರು ಕೊಡುವ ಕ್ಷಯ ಪರೀಕ್ಷೆಯ ಸರ್ಟಿಫಿಕೇಟು ನಡೆಯುವುದು 6 ತಿಂಗಳು. ಅಲ್ಲಿನ ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟನ್ನು ಹಿಡಿದು 3 ತಿಂಗಳೊಳಗೆ ಅರ್ಜಿ ಹಾಕಬೇಕು. ಕೆನಡಾದ ವೈದ್ಯಕೀಯ ತಪಾಸಣೆಗೆ 12 ತಿಂಗಳು. ನ್ಯೂಜಿಲೆಂಡ್‌ಗೆ ಅರ್ಜಿ ಹಾಕುವ ದಿನ ಪೊಲೀಸ್ ಸರ್ಟಿಫಿಕೇಟು 6 ತಿಂಗಳಿಗಿಂತ ಹಳೆಯದಾಗಿರಬಾರದು, ಎದೆಯ ಎಕ್ಸ್‌ರೇ 3 ತಿಂಗಳಿಗಿಂತ ಹಳೆಯದಾಗಿರಬಾರದು. ಇವು ಸರ್ಕಾರಗಳು ಬರೆದ ಗಡುವುಗಳು. ಬೇರೆಯವರು ಬರೆದವೂ ಇವೆ. ಆಫರ್ ಲೆಟರ್‌ನಲ್ಲಿ ಜಾಯಿನಿಂಗ್ ದಿನ ಇರುತ್ತದೆ. ಈಗಿನ ಕೆಲಸದಲ್ಲಿ ನೋಟಿಸ್ ಪೀರಿಯಡ್ ಇರುತ್ತದೆ. ಬಾಡಿಗೆ ಮನೆಗೆ ಕರಾರು ಇರುತ್ತದೆ, ಮಕ್ಕಳ ಶಾಲೆಗೆ ಅಡ್ಮಿಷನ್ ತಾರೀಖು ಇರುತ್ತದೆ.

ಇಷ್ಟೆಲ್ಲ ಗಡುವುಗಳ ನಡುವೆ ಗಡುವಿಲ್ಲದ ಕಾಗದ ಬಹಳ ಕಡೆ ಒಂದೇ. ಅದು ನಿಮ್ಮ ಉತ್ತರ.

ನನಗೆ ಪರಿಚಯದ ಒಬ್ಬ ನರ್ಸ್ ಇದ್ದಾರೆ. ಅವರು ತಮ್ಮ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿಕೊಂಡಿದ್ದರು. ಯಾವ ಕಾಗದ ಯಾವತ್ತು ಮುಗಿಯುತ್ತದೆ ಎಂಬ ಪಟ್ಟಿ ಅದು. ಕಾಗದಗಳ ಹೆಸರು ಪೆನ್ನಿನಲ್ಲಿ ಬರೆದಿದ್ದರು, ತಾರೀಖುಗಳನ್ನು ಪೆನ್ಸಿಲಿನಲ್ಲಿ. ಅಳಿಸಿ ಅಳಿಸಿ ಆ ಸಾಲುಗಳು ಕಪ್ಪಾಗಿದ್ದವು. ಆಸ್ಪತ್ರೆ ಕೆಲಸ ಸಿಕ್ಕಿತ್ತು, ಭಾಷೆಯ ಪರೀಕ್ಷೆ ಪಾಸಾಗಿತ್ತು, ನರ್ಸಿಂಗ್ ನೋಂದಣಿಯ ಕಾಗದಗಳೂ ಸರಿಯಿದ್ದವು. ಕಾಯುತ್ತಿದ್ದ ಹಾಗೇ ಮೆಡಿಕಲ್ ತಪಾಸಣೆಯ ಅವಧಿ ಮುಗಿಯಿತು. ಮತ್ತೆ ದುಡ್ಡು ಕಟ್ಟಿ ಮಾಡಿಸಿಕೊಂಡರು. ಅದು ಕೈಗೆ ಬರುವ ಹೊತ್ತಿಗೆ ಪೊಲೀಸ್ ಸರ್ಟಿಫಿಕೇಟು ಹಳೆಯದಾಯಿತು. ಅದನ್ನು ಹೊಸದಾಗಿ ತೆಗೆಸುವಾಗ ಭಾಷೆಯ ಪರೀಕ್ಷೆಯ ಅವಧಿ ಹತ್ತಿರ ಬಂತು. ಕೊನೆಗೆ ಆಸ್ಪತ್ರೆಯವರು ಆ ಹುದ್ದೆಯನ್ನು ಬೇರೆಯವರಿಗೆ ಕೊಟ್ಟರು. ಈ ಇಡೀ ಕಥೆಯಲ್ಲಿ ಅವರ ಅರ್ಜಿಯನ್ನು ಯಾರೂ ತಿರಸ್ಕರಿಸಲೇ ಇಲ್ಲ. ಬೇಡ ಅಂದಿದ್ದರೆ ಅವರು ಮೊದಲ ತಿಂಗಳಲ್ಲೇ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು.

ಇಲ್ಲಿ ಒಂದು ಸಣ್ಣ ತಿದ್ದುಪಡಿ ಸಾಕು. ಅರ್ಜಿ ಹಾಕಿದ ದಿನ ಸರಿಯಿದ್ದ ಕಾಗದ, ತೀರ್ಮಾನ ಬರುವ ತನಕ ಸರಿಯಿದೆ ಎಂದೇ ಲೆಕ್ಕ ಹಿಡಿಯಿರಿ. ಇದು ಹೊಸ ಯೋಚನೆ ಏನಲ್ಲ. ಮಕ್ಕಳ ವಿಷಯದಲ್ಲಿ ನಿಮ್ಮಲ್ಲೇ ಕೆಲವರು ಇದನ್ನು ಮಾಡಿದ್ದೀರಿ. ಅಪ್ಪ ಅಮ್ಮನ ಅರ್ಜಿ ಕಚೇರಿಯಲ್ಲಿ ಕೂತಿರುವಾಗ ಮಗುವಿನ ವಯಸ್ಸು ಮಿತಿ ದಾಟಿಬಿಟ್ಟರೆ ಆ ಮಗು ಹಿಂದೆ ಉಳಿದುಬಿಡುತ್ತದೆ. ಇದನ್ನು ತಡೆಯಲು ಅಮೆರಿಕ 2002ರಲ್ಲಿ ಒಂದು ಕಾನೂನನ್ನೇ ತಂದಿತು. ಕೆನಡಾದಲ್ಲೂ ಅರ್ಜಿ ತಲುಪಿದ ದಿನ ಮಗುವಿನ ವಯಸ್ಸು ಎಷ್ಟಿತ್ತೋ ಅದನ್ನೇ ಹಿಡಿಯುತ್ತಾರೆ. ಕಚೇರಿಯ ತಡಕ್ಕೆ ಅರ್ಜಿದಾರರು ಬೆಲೆ ತೆರಬಾರದು ಎಂಬ ನ್ಯಾಯವನ್ನು ಒಪ್ಪಿಕೊಂಡೇ ಅಲ್ವಾ ಇದನ್ನು ಮಾಡಿದ್ದು? ಅದೇ ನ್ಯಾಯ ಪೊಲೀಸ್ ಸರ್ಟಿಫಿಕೇಟಿಗೂ ಭಾಷೆಯ ಪರೀಕ್ಷೆಗೂ ಯಾಕೆ ಬೇಡ? ಆರೋಗ್ಯದ ವಿಷಯದಲ್ಲಿ ಹೊಸ ತಪಾಸಣೆ ಬೇಕೇ ಬೇಕು ಅನ್ನುವುದಾದರೆ, ತಡ ನಿಮ್ಮ ಕಡೆಯಿಂದ ಆಗಿದ್ದಾಗ ಅದರ ಖರ್ಚನ್ನು ನೀವೇ ನೋಡಿಕೊಳ್ಳಿ.

ಗಡುವು ಹಾಕಿಕೊಂಡರೆ ಕೆಲಸ ಕೆಡುತ್ತದೆ, ತಪಾಸಣೆ ಅರ್ಧಂಬರ್ಧ ಆಗುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಹಾಗಾದರೆ ಪ್ರವಾಸಿಗಳ ವಿಷಯ ನೋಡೋಣ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಸ್ವಲ್ಪ ದಿನದ ಮಟ್ಟಿಗೆ ಹೋಗುವವರ ವೀಸಾ ಅರ್ಜಿಗೆ 15 ದಿನದೊಳಗೆ ಉತ್ತರ ಕೊಡಬೇಕು ಅಂತ ಅಲ್ಲಿನ ವೀಸಾ ಸಂಹಿತೆಯೇ ಹೇಳುತ್ತದೆ. ಹೆಚ್ಚು ಪರಿಶೀಲನೆ ಬೇಕಾದರೆ 45 ದಿನದ ತನಕ ಹೋಗಬಹುದು. ಬೇಡ ಅಂದರೆ ನಿಗದಿಯಾದ ಒಂದು ಫಾರಂನಲ್ಲಿ ಕಾರಣ ಗುರುತು ಹಾಕಿ ಕೊಡಬೇಕು, ಮೇಲ್ಮನವಿಗೆ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ತಿಳಿಸಬೇಕು. ಸುತ್ತಾಡಿ ಬರುವವರಿಗೆ ಇಷ್ಟು ಖಚಿತತೆ ಇದೆ. ಸಂತೋಷ. ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಮಕ್ಕಳನ್ನು ಕರೆದುಕೊಂಡು ವರ್ಷಗಟ್ಟಲೆ ಇರಲು ಹೊರಟವರಿಗೆ ಅದಕ್ಕಿಂತ ಕಡಿಮೆ ಖಚಿತತೆ ಇರುವುದು ಹೇಗೆ ಸರಿ?

ದುಡ್ಡು ಕೊಟ್ಟರೆ ಗಡುವು ತಾನಾಗಿ ಬರುತ್ತದೆ ಅನ್ನುವುದೂ ಗೊತ್ತಿರುವ ವಿಷಯ. ಬ್ರಿಟನ್, ದೇಶದ ಹೊರಗಿನಿಂದ ಹಾಕುವ ಸ್ಕಿಲ್ಡ್ ವರ್ಕರ್ ಎಂಬ ಕೆಲಸದ ವೀಸಾ ಅರ್ಜಿಗೆ ಸಾಮಾನ್ಯವಾಗಿ 3 ವಾರ ಎಂದು ಹೇಳುತ್ತದೆ. ಹೆಚ್ಚುವರಿ ಶುಲ್ಕ ಕಟ್ಟಿದರೆ, ಆ ಸೇವೆ ಇರುವ ಕಡೆ, 5 ಕೆಲಸದ ದಿನ. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾಕ್ಕಾಗಿ ಕಂಪನಿ ಸಲ್ಲಿಸುವ ಪಿಟಿಷನ್‌ಗೆ ಪ್ರೀಮಿಯಂ ಶುಲ್ಕ ಕಟ್ಟಿದರೆ 15 ಕೆಲಸದ ದಿನದೊಳಗೆ ಒಂದು ಕ್ರಮ ಆಗಲೇಬೇಕು. ಆಗದಿದ್ದರೆ ಆ ಶುಲ್ಕ ವಾಪಸ್. ಈ ಕೊನೇ ಮಾತನ್ನು ಇನ್ನೊಂದು ಸಲ ಓದಿ ನೋಡಿ. ತಡವಾದರೆ ದುಡ್ಡು ವಾಪಸ್ ಕೊಡುವಷ್ಟು ನಂಬಿಕೆ ಆ ಕಚೇರಿಗೆ ತನ್ನ ಗಡುವಿನ ಮೇಲೆ ಇದೆ. ಅಂದರೆ ಅದೇ ಫೈಲು, ಅದೇ ಕಾನೂನು, ಅದೇ ಅಧಿಕಾರಿ ವರ್ಗ ಇಟ್ಟುಕೊಂಡು ಈ ಕೆಲಸ ಮಾಡಬಹುದು. ಆದರೆ ಆ ಪಿಟಿಷನ್ ಒಪ್ಪಿಗೆಯಾದ ಮೇಲೆ, ವೀಸಾ ಹಾಕಿಸಿಕೊಳ್ಳಲು ದೂತಾವಾಸದ ಬಾಗಿಲಿಗೆ ಬಂದ ಕೂಡಲೇ ಗಡುವು ಮಾಯವಾಗುತ್ತದೆ.

ಸರಿಯಾದ ದಾರಿ ಹಿಡಿದವರೂ ಇದ್ದಾರೆ, ಅದನ್ನೂ ಹೇಳಬೇಕು. ಜರ್ಮನಿಯಲ್ಲಿ ಕೌಶಲ ಇರುವ ಕೆಲಸಗಾರರಿಗಾಗಿ ಒಂದು ತ್ವರಿತ ವಿಧಾನ ಇದೆ. ಕಂಪನಿಯೇ ಅಲ್ಲಿನ ವಲಸೆ ಕಚೇರಿಯಲ್ಲಿ ಅದನ್ನು ಶುರು ಮಾಡುತ್ತದೆ. ಅಲ್ಲಿ ಪೂರ್ವಾನುಮತಿ ಸಿಕ್ಕ ಮೇಲೆ ದೂತಾವಾಸ 3 ವಾರದೊಳಗೆ ಅಪಾಯಿಂಟ್‌ಮೆಂಟ್ ಕೊಡಬೇಕು, ಅರ್ಜಿ ಪೂರ್ತಿಯಾದ ಮೇಲೆ ಸಾಮಾನ್ಯವಾಗಿ ಇನ್ನು 3 ವಾರದಲ್ಲಿ ತೀರ್ಮಾನ. ಹೆಚ್ಚು ಕೌಶಲದ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿಗೆ ಯುರೋಪಿಯನ್ ಒಕ್ಕೂಟದ ನಿರ್ದೇಶನ 90 ದಿನ ಎನ್ನುತ್ತದೆ. ಕೆಲಸ ಮತ್ತು ವಾಸ ಎರಡಕ್ಕೂ ಸೇರಿಸಿ ಕೊಡುವ ಒಂದೇ ಪರವಾನಗಿಗೆ 2011ರಲ್ಲಿ 4 ತಿಂಗಳು ಎಂದು ಬರೆದಿದ್ದನ್ನು 2024ರಲ್ಲಿ 90 ದಿನಕ್ಕೆ ಇಳಿಸಿದ್ದಾರೆ. ಆಸ್ಟ್ರೇಲಿಯಾ ತನ್ನ ಲೆಕ್ಕವನ್ನು ಎರಡು ಥರ ಹಾಕಿ ತೋರಿಸುತ್ತದೆ: ಅರ್ಧದಷ್ಟು ಅರ್ಜಿಗಳು ಎಷ್ಟು ದಿನದಲ್ಲಿ ಮುಗಿದವು, ಶೇಕಡಾ 90ರಷ್ಟು ಎಷ್ಟು ದಿನದಲ್ಲಿ ಮುಗಿದವು. ಇದು ನನಗೆ ಬಹಳ ಹಿಡಿಸಿದ ವಿಷಯ. ಸರಾಸರಿ ಅಂತ ಒಂದು ಅಂಕಿ ಕೊಟ್ಟರೆ ಅದರಿಂದ ಯಾರಿಗೂ ಉಪಯೋಗ ಇಲ್ಲ. ನಿಧಾನವಾದರೆ ಎಲ್ಲಿ ತನಕ ಹೋಗಬಹುದು ಅನ್ನುವುದು ಗೊತ್ತಾದರೆ ಮನುಷ್ಯ ಅದಕ್ಕೆ ತಕ್ಕಂತೆ ಸಿದ್ಧನಾಗುತ್ತಾನೆ.

ಆದರೆ ಈ ವೇಗ ಯಾರಿಗೆ ಸಿಗುತ್ತಿದೆ ಅನ್ನುವುದನ್ನೂ ನೋಡಿ. ಅದೇ ಆಸ್ಟ್ರೇಲಿಯಾ 2024ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಹೊಸ ಕೆಲಸದ ವೀಸಾದಲ್ಲಿ, ಹೆಚ್ಚು ಸಂಬಳದ ತಜ್ಞರ ಅರ್ಜಿಗಳಿಗೆ 7 ದಿನದ ಗುರಿ ಇಟ್ಟುಕೊಂಡಿದೆ. ಮಿಕ್ಕವರಿಗೆ 21. ಅಷ್ಟು ವ್ಯತ್ಯಾಸ ತಡೆದುಕೊಳ್ಳಬಹುದು, ಯಾಕೆಂದರೆ ಎರಡಕ್ಕೂ ಒಂದು ಗುರಿ ಇದೆ. ಬೇರೆ ಎಷ್ಟೋ ಕಡೆ ದೊಡ್ಡ ಸಂಬಳದವರಿಗೆ ಗಡುವು ಇದೆ, ವೃದ್ಧರನ್ನು ನೋಡಿಕೊಳ್ಳುವವರಿಗೆ, ವೆಲ್ಡಿಂಗ್ ಮಾಡುವವರಿಗೆ, ಲಾರಿ ಓಡಿಸುವವರಿಗೆ ಏನೂ ಇಲ್ಲ. ಕೈಯಲ್ಲಿ ನಾಲ್ಕು ಕಾಸು ಉಳಿತಾಯ ಇರುವವರು ಹೇಗೋ ಕಾಯುತ್ತಾರೆ. ಸಾಲ ಮಾಡಿ ಶುಲ್ಕ ಕಟ್ಟಿದವರಿಗೆ ಪ್ರತಿ ತಿಂಗಳೂ ಬಡ್ಡಿ ಬೆಳೆಯುತ್ತದೆ. ಗಡುವು ಮೊದಲು ಬೇಕಾಗಿರುವುದು ಇವರಿಗೆ.

ಇನ್ನು ಮೌನದ ವಿಷಯ. ಅರ್ಜಿ ಹಾಕಿದ ಮೇಲೆ ನಮಗೆ ಉಳಿಯುವುದು ಒಂದು ನಂಬರ್, ಒಂದು ವೆಬ್ ಪುಟ. ನಂಬರ್ ಹಾಕಿದರೆ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲು ಬರುತ್ತದೆ. ಇವತ್ತೂ ಅದೇ, ಮುಂದಿನ ತಿಂಗಳೂ ಅದೇ. ಕಾಗದಗಳನ್ನು ಯಾರಾದರೂ ತೆರೆದಿದ್ದಾರಾ? ಕಂಪನಿಗೆ ಫೋನ್ ಮಾಡಿ ವಿಚಾರಿಸಿದ್ದಾರಾ? ಇನ್ನೊಂದು ಇಲಾಖೆಯ ಒಪ್ಪಿಗೆಗೆ ಕಾಯುತ್ತಿದ್ದಾರಾ? ಅದು ನಿಮ್ಮ ಕಂಪ್ಯೂಟರಿನಲ್ಲಿ ಖಂಡಿತ ಇರುತ್ತದೆ. ನಮ್ಮ ಪರದೆಗೆ ಮಾತ್ರ ಬರುವುದಿಲ್ಲ. ನಾನು ಕಾಯುತ್ತಿದ್ದಾಗ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈ ಮೊಬೈಲಿಗೆ ಹೋಗುತ್ತಿತ್ತು. ಆ ಪುಟ ತೆರೆದು ನೋಡಿ, ಅದೇ ಸಾಲು ಇದ್ದರೆ, ಎಲ್ಲಾದರೂ ಪುಟ ಹಳೆಯದು ತೋರಿಸುತ್ತಿದೆಯೋ ಅಂತ ಇನ್ನೊಮ್ಮೆ ತೆರೆಯುತ್ತಿದ್ದೆ. ಮನೆಯವರಿಗೂ ಅದು ಅಭ್ಯಾಸವಾಗಿ ಹೋಗಿತ್ತು. ನನ್ನ ಮುಖ ನೋಡಿಯೇ ಉತ್ತರ ತಿಳಿದುಕೊಳ್ಳುತ್ತಿದ್ದರು, ಕೇಳುತ್ತಿರಲಿಲ್ಲ.

ಕೆಲವು ಸಲ ಮೌನಕ್ಕಿಂತ ಕೆಟ್ಟದ್ದೂ ನಡೆಯುತ್ತದೆ. ಅಮೆರಿಕದ ವೀಸಾ ಸಂದರ್ಶನ ಆದ ಮೇಲೆ ಹೆಚ್ಚುವರಿ ಪರಿಶೀಲನೆಗೆಂದು 221ಜಿ ಎಂಬ ಕಲಮಿನಡಿ ಕೆಲವರ ಅರ್ಜಿಯನ್ನು ತಡೆಹಿಡಿಯುತ್ತಾರೆ. ಇನ್ನೂ ಒಂದೆರಡು ಕಾಗದ ಬೇಕು ಎಂಬಂಥ ಸಾದಾ ಕಾರಣ ಇದ್ದರೂ, ಸ್ಥಿತಿ ತೋರಿಸುವ ಪುಟದಲ್ಲಿ ಅರ್ಜಿ ನಿರಾಕರಿಸಲಾಗಿದೆ ಎಂದೇ ಬರುತ್ತದೆ. ಆ ಪುಟದ ಕೆಳಗಿನ ಸಣ್ಣ ಅಕ್ಷರದ ವಿವರಣೆ ಓದುವ ತನಕ ಆ ಮನೆಯವರ ಜೀವ ಹೋಗಿ ಬಂದಿರುತ್ತದೆ. ಅದನ್ನು ತಿದ್ದಲು ಯಾವ ಕಾನೂನೂ ಬೇಡ, ಯಾವ ಬಜೆಟ್ಟೂ ಬೇಡ.

ಹೇಳದೆ ಇದ್ದರೆ ನಿಮಗೆ ಕೆಲಸ ಉಳಿಯುತ್ತದೆ ಅಂತಲೂ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಏನಾಯಿತು ನೋಡಿ. ತಮ್ಮ ಫೈಲು ಎಲ್ಲಿದೆ ಎಂದು ತಿಳಿಯಲು ಬೇರೆ ದಾರಿ ಕಾಣದೆ ಜನ ಮಾಹಿತಿ ಹಕ್ಕಿನ ಕಾನೂನಿನಡಿ ಅರ್ಜಿ ಹಾಕತೊಡಗಿದರು. 2021ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ತನಿಖೆ ಮಾಡಿ ವರದಿ ಕೊಟ್ಟರು. ವಲಸೆ ಇಲಾಖೆಗೆ ಬರುವ ಮಾಹಿತಿ ಅರ್ಜಿಗಳಲ್ಲಿ ಹೆಚ್ಚಿನವು ಸ್ವಂತ ವಲಸೆ ಅರ್ಜಿಯ ಸ್ಥಿತಿಗತಿ ಕೇಳುವವೇ ಎಂದು ಅದರಲ್ಲಿ ಹೇಳಿದರು. ಒಂದು ಅರ್ಜಿಯ ಸ್ಥಿತಿ ತಿಳಿಯಲು ಇನ್ನೊಂದು ಅರ್ಜಿ, ಅದನ್ನು ನೋಡಲು ಇನ್ನಷ್ಟು ಸಿಬ್ಬಂದಿ. ಆಮೇಲೆ ಆ ಇಲಾಖೆ ಅರ್ಜಿ ಎಲ್ಲಿಗೆ ಬಂದಿದೆ ಎಂದು ತೋರಿಸುವ ಆನ್‌ಲೈನ್ ವ್ಯವಸ್ಥೆಯನ್ನು ಒಂದೊಂದು ವರ್ಗಕ್ಕೂ ತರುತ್ತಾ ಬಂತು. ಮೊದಲೇ ತಂದಿದ್ದರೆ ಇಬ್ಬರಿಗೂ ಶ್ರಮ ತಪ್ಪುತ್ತಿತ್ತು. ಅಲ್ಲೂ ಅಮೆರಿಕದಲ್ಲೂ ಕೆಲವರು ಕೋರ್ಟ್ ಮೆಟ್ಟಿಲು ಹತ್ತುತ್ತಾರೆ. ವೀಸಾ ಕೊಡಿಸಿ ಎಂದು ಕೇಳಲು ಹೋಗುವುದಲ್ಲ, ಏನಾದರೂ ಒಂದು ತೀರ್ಮಾನ ಮಾಡಿ ಎಂದು ಕಚೇರಿಗೆ ಆದೇಶಿಸಿ ಎಂದು ಕೇಳಲು ಹೋಗುತ್ತಾರೆ. ಉತ್ತರ ಕೊಡಿ ಅನ್ನಲು ಒಬ್ಬ ಮನುಷ್ಯ ವಕೀಲರನ್ನು ಇಡಬೇಕಾದ ಸ್ಥಿತಿ ಯಾವ ಕಚೇರಿಗೂ ಗೌರವ ತರುವುದಿಲ್ಲ.

ನೀವು ಬಾಯಿಬಿಡದ ಕಡೆ ಏಜೆಂಟರು ಬಾಯಿಬಿಡುತ್ತಾರೆ. ಒಳಗೆ ನಮಗೆ ಗೊತ್ತಿರುವವರಿದ್ದಾರೆ, ನಿಮ್ಮ ಫೈಲು ಮೇಲೆ ಬರುವ ಹಾಗೆ ಮಾಡುತ್ತೇವೆ ಅನ್ನುತ್ತಾರೆ. ಒಂದು ಸುಳ್ಳನ್ನು ಸುಳ್ಳು ಅಂತ ಗುರುತಿಸಲು ನಿಜ ಏನು ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದಾಗ ಓದಿದವರೂ ದುಡ್ಡು ಕೊಡುತ್ತಾರೆ. ಅಪಾಯಿಂಟ್‌ಮೆಂಟ್ ವಿಷಯದಲ್ಲಂತೂ ಇದು ದೊಡ್ಡ ದಂಧೆ. ಕಂಪ್ಯೂಟರ್ ಪ್ರೋಗ್ರಾಂ ಇಟ್ಟು ಸ್ಲಾಟ್‌ಗಳನ್ನು ಬಾಚಿಕೊಂಡು ಮಾರುತ್ತಾರೆ. ಭಾರತದಲ್ಲಿನ ಅಮೆರಿಕದ ರಾಯಭಾರ ಕಚೇರಿ 2025ರ ಮಾರ್ಚ್‌ನಲ್ಲಿ ಹೀಗೆ ಹಿಡಿದಿಟ್ಟಿದ್ದ ಸುಮಾರು 2,000 ಅಪಾಯಿಂಟ್‌ಮೆಂಟ್‌ಗಳನ್ನು ರದ್ದು ಮಾಡಿತು. ಅದು ಒಳ್ಳೆಯ ಕೆಲಸ. ಆದರೆ ಎಲ್ಲಿ ಕೊರತೆ ಇದೆಯೋ, ಎಲ್ಲಿ ಮುಂದಿನ ಸ್ಲಾಟ್ ಯಾವಾಗ ಬಿಡುತ್ತಾರೆ ಅಂತ ಗೊತ್ತಿಲ್ಲವೋ ಅಲ್ಲಿ ದಲ್ಲಾಳಿ ಮತ್ತೆ ಹುಟ್ಟುತ್ತಾನೆ. ಕೆಲಸ ಹುಡುಕಿಕೊಡುವ ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರ ತನ್ನ 181ನೇ ಒಪ್ಪಂದದಲ್ಲೇ ಬರೆದಿದೆ. ಆ ಆಶಯ ನಡೆಯಬೇಕಾದರೆ ನಿಮ್ಮ ಕಡೆಯಿಂದ ಸರಿಯಾದ ಮಾಹಿತಿ ಹೊರಬರಬೇಕು.

ಕಾಯುವ ಮನೆ ಹೇಗಿರುತ್ತದೆ ಅನ್ನುವುದನ್ನು ನಿಮಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಫೈಲಿನಲ್ಲಿ ಅದು ಇರುವುದಿಲ್ಲ. ಎಲ್ಲದಕ್ಕಿಂತ ಕಷ್ಟದ್ದು ರಾಜೀನಾಮೆಯ ಲೆಕ್ಕ. ವೀಸಾ ಬರುವ ಮೊದಲೇ ಕೆಲಸ ಬಿಟ್ಟರೆ, ಅದು ಬರದೇ ಹೋದರೆ ಬೀದಿಗೆ ಬೀಳಬೇಕು. ಬಂದ ಮೇಲೆ ಬಿಡೋಣ ಅಂದರೆ ನೋಟಿಸ್ ಪೀರಿಯಡ್ ಮುಗಿಯುವಷ್ಟರಲ್ಲಿ ಅಲ್ಲಿ ಸೇರುವ ದಿನ ದಾಟಿ ಹೋಗುತ್ತದೆ. ಈಗಿನ ಮ್ಯಾನೇಜರ್‌ಗೆ ಹೇಳಬೇಕೋ ಬೇಡವೋ? ಹೇಳಿದರೆ ಮುಂದಿನ ಬಡ್ತಿ, ಸಂಬಳ ಏರಿಕೆ ಎಲ್ಲದರಿಂದ ಹೆಸರು ಹೊರಗೆ. ಹೇಳದಿದ್ದರೆ ದಿನಾ ಮುಚ್ಚಿಟ್ಟುಕೊಂಡು ಓಡಾಡಬೇಕು. ಹೊಸ ಪ್ರಾಜೆಕ್ಟ್ ಕೊಡುತ್ತೇವೆ, ವರ್ಷ ಪೂರ್ತಿ ಇರುತ್ತೀರಲ್ವಾ ಅಂತ ಕೇಳಿದರೆ ಏನು ಹೇಳುವುದು? ಕೆಟ್ಟ ವಾಷಿಂಗ್ ಮಷೀನ್ ರಿಪೇರಿ ಮಾಡಿಸಬೇಕಾ, ಹೇಗೂ ಹೊರಡುತ್ತೇವಲ್ಲ ಅಂತ ಹಾಗೇ ಬಿಡಬೇಕಾ ಅನ್ನುವಂಥ ಸಣ್ಣ ವಿಷಯವೂ ತೀರ್ಮಾನವಾಗದೆ ನಿಲ್ಲುತ್ತದೆ. ಮದುವೆ ಮುಂದಕ್ಕೆ ಹೋಗುತ್ತದೆ. ಅಮ್ಮನ ಆಪರೇಷನ್ ಯಾವ ತಿಂಗಳು ಇಟ್ಟುಕೊಂಡರೆ ಮಗ ಪಕ್ಕದಲ್ಲಿರುತ್ತಾನೆ ಅಂತ ಡಾಕ್ಟರಿಗೆ ಹೇಳಲಾಗುವುದಿಲ್ಲ. ಸಿಕ್ಕಿದವರೆಲ್ಲ ಇನ್ನೂ ಹೊರಟಿಲ್ವಾ ಅಂತ ಕೇಳುತ್ತಾರೆ. ಪಾಪ, ಅವರು ಸುಮ್ನೆ ಮಾತಿಗೆ ಕೇಳುವುದು. ಆದರೂ ನಿಧಾನಕ್ಕೆ ನಾವು ಜನರ ಕಣ್ಣು ತಪ್ಪಿಸಿ ಓಡಾಡತೊಡಗುತ್ತೇವೆ.

ಇದಕ್ಕೆಲ್ಲ ಪರಿಹಾರ ಬೇಗ ವೀಸಾ ಬರುವುದೇ ಆಗಬೇಕಿಲ್ಲ. 8 ತಿಂಗಳು ಆಗುತ್ತದೆ ಅಂತ ಮೊದಲ ದಿನವೇ ಹೇಳಿದರೆ ಆ ಮನೆ 8 ತಿಂಗಳಿಗೆ ಹೊಂದಿಸಿಕೊಳ್ಳುತ್ತದೆ. ವಾಷಿಂಗ್ ಮಷೀನ್ ರಿಪೇರಿಯಾಗುತ್ತದೆ, ಆಪರೇಷನ್ ನಡೆಯುತ್ತದೆ. ದಿನ ಎಣಿಸಲು ಒಂದು ಕೊನೆ ಇದ್ದರೆ ಮನುಷ್ಯ ಬಹಳ ತಡೆದುಕೊಳ್ಳುತ್ತಾನೆ.

ಕೆಲಸ ಕೊಡುವ ಕಂಪನಿಗಳಿಗೂ ಇಲ್ಲೇ ಒಂದು ಮಾತು. ವೀಸಾ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಆಫರ್ ಲೆಟರ್ ನಿಮ್ಮ ಕೈಯಲ್ಲೇ ಇದೆ. ಜಾಯಿನಿಂಗ್ ದಿನದ ಜಾಗದಲ್ಲಿ ವೀಸಾ ಸಿಕ್ಕ ದಿನದಿಂದ ಇಷ್ಟು ವಾರ ಎಂದು ಬರೆಯಿರಿ. ಎಷ್ಟು ತಿಂಗಳ ತನಕ ಹುದ್ದೆ ಕಾದಿರಿಸುತ್ತೀರಿ ಎಂದು ಸ್ಪಷ್ಟವಾಗಿ ಹೇಳಿ. ನಿಮ್ಮ ವಕೀಲರು ಏನೇನು ಸಲ್ಲಿಸಿದ್ದಾರೆ, ಯಾವತ್ತು ಸಲ್ಲಿಸಿದ್ದಾರೆ ಎಂದು ನಮಗೂ ಒಂದು ಪ್ರತಿ ಕೊಡಿ. ನಮ್ಮ ಹೆಸರಿನ ಅರ್ಜಿಯ ಪ್ರತಿಯನ್ನು ನಾವೇ ಬೇಡಿ ಪಡೆಯಬೇಕಾದ ಸ್ಥಿತಿ ಎಷ್ಟೋ ಕಡೆ ಇದೆ.

ಮತ್ತೆ ಸರ್ಕಾರಗಳ ಕಡೆಗೆ ಬರುತ್ತೇನೆ. ಅರ್ಧ ದಾರಿಯಲ್ಲಿರುವವರ ಮೇಲೆ ಹೊಸ ನಿಯಮ ಹಾಕಬೇಡಿ. 2025ರ ಡಿಸೆಂಬರ್ 15ರಿಂದ ಅಮೆರಿಕ ಎಚ್-1ಬಿ ಮತ್ತು ಅವರ ಕುಟುಂಬದ ಎಚ್-4 ಅರ್ಜಿದಾರರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಪರಿಶೀಲಿಸಲು ಶುರು ಮಾಡಿತು. ಭಾರತದಲ್ಲಿ ಆ ದಿನಗಳಲ್ಲಿ ಸಂದರ್ಶನ ಗೊತ್ತಾಗಿದ್ದ ಎಷ್ಟೋ ಜನರಿಗೆ ಅದು ರದ್ದಾಗಿ ಮುಂದಿನ ವರ್ಷದ ಮಾರ್ಚ್‌ಗೆ, ಅದಕ್ಕೂ ಆಚೆಗೆ ಹೋಯಿತು. ಅವರಲ್ಲಿ ಬಹಳ ಜನ ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿದ್ದವರು. ವೀಸಾ ಹೊಸದು ಹಾಕಿಸಿಕೊಂಡು ವಾಪಸ್ ಹೋಗೋಣ ಎಂದು ಕೆಲವೇ ವಾರದ ರಜೆಗೆ ಬಂದಿದ್ದವರು. ಬಾಡಿಗೆ, ಕಾರಿನ ಕಂತು, ಮಕ್ಕಳ ಶಾಲೆ ಎಲ್ಲ ಅಲ್ಲಿ, ಮನುಷ್ಯ ಮಾತ್ರ ಇಲ್ಲಿ. ಪರಿಶೀಲನೆ ಬೇಕು ಅನ್ನುವುದು ನಿಮ್ಮ ತೀರ್ಮಾನ. ಹೊಸ ನಿಯಮ ಹೊಸ ಅಪಾಯಿಂಟ್‌ಮೆಂಟ್‌ಗಳಿಂದ ಶುರುವಾಗಿದ್ದರೆ ಇವರಲ್ಲಿ ಯಾರೂ ಹೀಗೆ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ.

ನಿಮ್ಮ ಕಷ್ಟವೂ ಗೊತ್ತು. ಕಿಟಕಿಯ ಆ ಕಡೆ ಕೂತವರು ದಿನವಿಡೀ ಒಂದರ ಹಿಂದೆ ಒಂದು ಫೈಲು ನೋಡಬೇಕು. ತಪ್ಪಿ ಒಬ್ಬ ಕೆಟ್ಟವನು ಒಳಗೆ ಹೋದರೆ ಬೈಗುಳ ಅವರಿಗೇ, ಸಾವಿರ ಒಳ್ಳೆಯವರು ತಡವಾದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಸಂಶಯ ಬಂದ ಫೈಲನ್ನು ಪಕ್ಕಕ್ಕಿಡುವುದೇ ಸುಲಭ. ಅದಕ್ಕೇ ನಾನು ಅಧಿಕಾರಿಗಳ ಒಳ್ಳೆಯತನ ಕೇಳುತ್ತಿಲ್ಲ. ಕಾನೂನಿನಲ್ಲಿ ಗಡುವು ಕೇಳುತ್ತಿದ್ದೇನೆ. ಗಡುವು ಇದ್ದರೆ ಮೇಲಿನವರು ಸಿಬ್ಬಂದಿ ಕೊಡಲೇಬೇಕಾಗುತ್ತದೆ. ಅರ್ಜಿ ಪಡೆದ ರಸೀದಿಯಲ್ಲೇ ಒಂದು ತಾರೀಖು ಅಚ್ಚು ಹಾಕಿ. ಆ ತಾರೀಖಿಗೆ ಆಗದಿದ್ದರೆ ಕಾರಣ ಹೇಳಿ ಹೊಸ ತಾರೀಖು ಕೊಡಿ. ಭದ್ರತೆಯ ಕಾರಣ ಬಿಡಿಸಿ ಹೇಳಲಾಗದಿದ್ದರೆ ಹೇಳಬೇಡಿ, ಇನ್ನಷ್ಟು ಪರಿಶೀಲನೆ ಇದೆ ಎಂದಷ್ಟೇ ಬರೆಯಿರಿ. ಎರಡನೇ ತಾರೀಖೂ ತಪ್ಪಿದರೆ ಶುಲ್ಕ ವಾಪಸ್ ಕೊಡಿ. ವಲಸೆಯ ವಿಧಾನಗಳಲ್ಲಿ ಖಚಿತತೆ ಇರಬೇಕು, ಮುಂದೇನು ಅಂತ ಜನರಿಗೆ ಗೊತ್ತಾಗುವಂತಿರಬೇಕು ಎಂಬ ಮಾತು 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾದ ವಲಸೆಯ ಜಾಗತಿಕ ಒಡಂಬಡಿಕೆಯ 23 ಗುರಿಗಳಲ್ಲೂ ಇದೆ. ಅದಕ್ಕೆ ಕಾನೂನಿನ ಬಲ ಇಲ್ಲ ನಿಜ. ಆದರೆ 152 ದೇಶಗಳು ಕೈಯೆತ್ತಿ ಹೂಂ ಅಂದಿದ್ದವು.

ಬೇಡ ಅನ್ನುವಾಗಲೂ ಒಂದು ರೀತಿ ಇರಲಿ. ಯಾವ ಕಾಗದ ಸಾಲಲಿಲ್ಲ, ಯಾವ ಮಾತು ನಂಬಿಕೆ ಹುಟ್ಟಿಸಲಿಲ್ಲ ಎಂದು ಹೇಳಿದರೆ ಮುಂದಿನ ಸಲ ಸರಿ ಮಾಡಿಕೊಂಡು ಬರಬಹುದು, ಅಥವಾ ಆ ಆಸೆ ಬಿಡಬಹುದು. ಬ್ರಿಟನ್‌ನಲ್ಲಿ ಹೊರಗಿನಿಂದ ಹಾಕಿದ ಕೆಲಸದ ಅರ್ಜಿ ತಿರಸ್ಕಾರವಾದರೆ 28 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಜರ್ಮನಿ ಮಾತ್ರ ಈ ವಿಷಯದಲ್ಲಿ ಹಿಂದಕ್ಕೆ ಹೋಯಿತು ಅನ್ನುವುದು ನನ್ನ ಬೇಸರ. ವೀಸಾ ತಿರಸ್ಕರಿಸಿದ ಕಚೇರಿಗೇ ದುಡ್ಡಿಲ್ಲದೆ ಮರುಪರಿಶೀಲನೆಗೆ ಬರೆಯುವ ಅವಕಾಶ ಅಲ್ಲಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದರು. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಅಮೆರಿಕದಲ್ಲಿ ದೂತಾವಾಸದ ತಿರಸ್ಕಾರವನ್ನು ಕೋರ್ಟುಗಳು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಹೀಗಿರುವ ಕಡೆ ಕಚೇರಿಯ ಒಳಗೇ ಇನ್ನೊಬ್ಬ ಅಧಿಕಾರಿ ಆ ಫೈಲನ್ನು ಒಮ್ಮೆ ನೋಡುವ ವ್ಯವಸ್ಥೆ ಎಷ್ಟು ಮುಖ್ಯ ಅಲ್ವಾ?

ಕೊನೆಯದಾಗಿ ಪಾಸ್‌ಪೋರ್ಟ್ ವಿಷಯ. ತೀರ್ಮಾನ ಆಗುವ ತನಕ ಅದನ್ನು ನೀವು ಇಟ್ಟುಕೊಳ್ಳಬೇಕಾದ ಕಾರಣ ಈಗ ಉಳಿದಿಲ್ಲ. ಸ್ಕ್ಯಾನ್ ಇದೆ, ಬೆರಳಚ್ಚು ಇದೆ. ಅರ್ಜಿ ಪರಿಶೀಲನೆಯಲ್ಲಿರುವಾಗ ಪಾಸ್‌ಪೋರ್ಟ್ ಅರ್ಜಿದಾರರ ಹತ್ತಿರವೇ ಇರಲಿ ಅನ್ನುವ ಆಯ್ಕೆಯನ್ನು ಬ್ರಿಟನ್ ಹಲವು ಕಡೆ ಕೊಡುತ್ತಾ ಬಂದಿದೆ, ಆದರೆ ಅದಕ್ಕೂ ಪ್ರತ್ಯೇಕ ಶುಲ್ಕ ಹಾಕುತ್ತಿತ್ತು. ಎಲ್ಲರೂ ಕೊಡಿ, ಶುಲ್ಕ ಇಲ್ಲದೆ ಕೊಡಿ. ಬೇರೆ ದೇಶದಲ್ಲಿರುವ ಅಣ್ಣನಿಗೆ ಅಪಘಾತವಾದರೆ ಹೋಗಿ ನೋಡಬೇಕು. ಈಗಿನ ಕಂಪನಿ ಒಂದು ವಾರದ ಕೆಲಸಕ್ಕೆ ಹೊರಗೆ ಕಳಿಸಿದರೆ ಹೋಗಬೇಕು. ವೀಸಾ ಅಂಟಿಸುವ ದಿನ ಕರೆಯಿರಿ, ಪಾಸ್‌ಪೋರ್ಟ್ ಹಿಡಿದುಕೊಂಡು ನಾವೇ ಬರುತ್ತೇವೆ.

ಇಂತಿ,
ಕಾದು, ವೀಸಾ ಪಡೆದು, ಈಗ ಹೊರದೇಶದಲ್ಲಿ ದುಡಿಯುತ್ತಿರುವ ಒಬ್ಬ ಅರ್ಜಿದಾರ